ಕಾಗದಕ್ಕೆ ಒಂದೇ ಅಳತೆ ಸರಿ, ನಾಲಿಗೆಗೆ ಸಲ್ಲದು!

ಕನ್ನಡದ ಯುವಕ ಯುವತಿಯರೇ,

ನೀವು ಜೆರಾಕ್ಸ್ ಮಾಡಿಸುವ ಎ4 ಹಾಳೆಯನ್ನು ಕೈಗೆತ್ತಿಕೊಳ್ಳಿ. ಅಗಲ 210 ಮಿ.ಮೀ., ಉದ್ದ 297. ನಡುವೆ ಮಡಿಚಿ. ಗಾತ್ರ ಅರ್ಧವಾಯಿತು, ಆಕಾರ ಮಾತ್ರ ಹಾಗೇ ಉಳಿಯಿತು! ಪ್ರೆಸ್ ನಡೆಸುವ ನನಗೆ ಈ ಲೆಕ್ಕವೇ ಅನ್ನ. ಇದೇ ಅನುಪಾತ ಜಗತ್ತಿಗೆಲ್ಲ ಇರಲಿ ಎಂದು 1911ರಲ್ಲಿ ಹಟ ಹಿಡಿದವರು ಕಾಗದದ ವ್ಯಾಪಾರಿಯಲ್ಲ, ರಸಾಯನ ವಿಜ್ಞಾನಿ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್. ಅವರ ಸಹಾಯಕರಾಗಿದ್ದ ಪೋರ್ಸ್ಟ್‌ಮನ್ 1922ರಲ್ಲಿ ಅದನ್ನು ಜರ್ಮನಿಯ ಅಧಿಕೃತ ಅಳತೆಯಾಗಿಸಿದರು.

1853ರಲ್ಲಿ ರಿಗಾ ಪಟ್ಟಣದ ಪೀಪಾಯಿ ಮಾಡುವವರ ಮನೆಯಲ್ಲಿ ಹುಟ್ಟಿದ ಓಸ್ಟ್‌ವಾಲ್ಡ್, ಭೌತ ರಸಾಯನಶಾಸ್ತ್ರ ಕಟ್ಟಿದ ಮೊದಲಿಗರಲ್ಲಿ ಒಬ್ಬರು. ಅಮೋನಿಯಾದಿಂದ ನೈಟ್ರಿಕ್ ಆಮ್ಲ ತೆಗೆಯುವ ಅವರ ವಿಧಾನ ಗೊಬ್ಬರಕ್ಕೂ ಆಯಿತು, ಮದ್ದುಗುಂಡಿಗೂ ಆಯಿತು. 1909ರಲ್ಲಿ ನೊಬೆಲ್ ಬಂತು.

1887ರಲ್ಲಿ ಈ ಹೊಸ ಶಾಸ್ತ್ರಕ್ಕೆಂದೇ ಪತ್ರಿಕೆ ಶುರುಮಾಡಿದರು. ಯಾವ ಭಾಷೆಯಲ್ಲಿ? ತಮ್ಮ ಮನೆಮಾತು ಜರ್ಮನ್‌ನಲ್ಲಿ! ಜೊತೆಗಾರ ವಾಂಟ್ ಹಾಫ್ ಡಚ್ಚರು, ಗೆಳೆಯ ಅರ್ರೇನಿಯಸ್ ಸ್ವೀಡನ್ನಿನವರು. ಅಮೆರಿಕದ ಹುಡುಗರು ಸಮುದ್ರ ದಾಟಿ ಲೈಪ್‌ಜಿಗ್‌ಗೆ ಬಂದು ಕಲಿತರು. ಸರಕು ಗಟ್ಟಿಯಿದ್ದರೆ ಗಿರಾಕಿ ಭಾಷೆ ಕಲಿತು ಬರುತ್ತಾನೆ. ವಿಜ್ಞಾನಕ್ಕೆ ಕನ್ನಡ ಸಾಲದು ಎನ್ನುವ ಪಂಡಿತರೇ, ಇದಕ್ಕೇನು ಹೇಳುತ್ತೀರಿ?

ಆದರೆ ದೊಡ್ಡವರೂ ಎಡವುತ್ತಾರೆ. ಕಾಗದದಂತೆ ಭಾಷೆಯೂ ಒಂದೇ ಇರಲಿ ಎಂದು ಓಸ್ಟ್‌ವಾಲ್ಡ್ 'ಇಡೊ' ಎಂಬ ಕಟ್ಟಿದ ಭಾಷೆಗೆ ಹಣ ಸುರಿದರು. ಮೊದಲ ಮಹಾಯುದ್ಧ ಬಂತು. ಆಗ ಅವರು ಮುಂದಿಟ್ಟ 'ವಿಶ್ವಭಾಷೆ' ಯಾವುದು ಗೊತ್ತೇ? ಸರಳಗೊಳಿಸಿದ ಜರ್ಮನ್! 'ಎಲ್ಲರಿಗೂ ಒಂದೇ ಭಾಷೆ' ಎನ್ನುವವನ ಜೇಬು ತಡಕಿ ನೋಡಿ, ಒಳಗೆ ಅವನದೇ ಭಾಷೆ ಇರುತ್ತದೆ. ದೆಹಲಿಯಿಂದ ಬರುವ ಉಪದೇಶವೂ ಇದೇ ಅಲ್ಲವೇ?

ಹಾಳೆ ಉಳಿಯಿತು, ವಿಶ್ವಭಾಷೆ ಮಣ್ಣಾಯಿತು. ಹಾಳೆಗೆ ತಾಯಿಯಿಲ್ಲ, ಹೇಗೆ ಕತ್ತರಿಸಿದರೂ ನೋವಿಲ್ಲ. ಭಾಷೆಗೆ ತಾಯಿ ಇದ್ದಾಳೆ.

ಗೆಳೆಯರೇ, ಬರಿ ಘೋಷಣೆಯಿಂದ ಕನ್ನಡ ಬೆಳೆಯದು. ನೀವು ಕಾಲೇಜಿನಲ್ಲಿ ಕಲಿತ ಒಂದು ಪಾಠವನ್ನು ನಿಮ್ಮ ತಮ್ಮನಿಗೆ, ತಂಗಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ. ಒಂದೇ ಒಂದು ಎ4 ಹಾಳೆ ಸಾಕು. ಅಳತೆ ಓಸ್ಟ್‌ವಾಲ್ಡರದಿರಲಿ, ಅಕ್ಷರ ನಮ್ಮದಿರಲಿ!