ಕೆರೆಯ ಯಜಮಾನಿಕೆಯೂ ಗ್ರಾಮಸಭೆಯೂ

ಕರ್ನಾಟಕದಲ್ಲಿ 30,000ಕ್ಕೂ ಮಿಕ್ಕಿ ಕೆರೆಗಳಿರುವುವು. ಪೂರ್ವದಲ್ಲಿ ಹೂಳೆತ್ತುವುದೂ, ಏರಿಗೆ ಮಣ್ಣು ಹಾಕುವುದೂ, ಕಾಲುವೆ ಸವರುವುದೂ ಊರಿನವರದೇ ಕೆಲಸವಾಗಿದ್ದಿತು. ತೂಬನ್ನೆತ್ತಿ ಸರದಿಯಂತೆ ನೀರು ಬಿಡುವ ನೀರುಗಂಟಿಯು ಊರಿಗೇ ಉತ್ತರವಾದಿಯಾಗಿದ್ದನು. ಕಾಲಕ್ರಮದಲ್ಲಿ ಕೆರೆಯು ಸರಕಾರದ್ದೆಂಬ ಭಾವನೆಯು ಬೇರೂರಿತು. ಎಲ್ಲರದೂ ಆಗಿದ್ದುದು ಯಾರದೂ ಅಲ್ಲದಾಯಿತು, ಹೂಳು ತುಂಬಿತು.

ಈ ದೋಷವು ಕೆರೆಗೆ ಮಾತ್ರ ಸಂಬಂಧಿಸಿದುದಲ್ಲ. ಜನರು ಪಾಲುಗೊಳ್ಳದ ಅಭಿವೃದ್ಧಿಯು ಬೇರುಬಿಡದೆಂಬುದನ್ನು ಮನಗಂಡು ಬಲವಂತರಾಯ್ ಮೆಹತಾ ಸಮಿತಿಯು 1957ರಲ್ಲಿಯೇ ಮೂರು ಹಂತದ ಪಂಚಾಯತಿಗಳನ್ನು ಸೂಚಿಸಿತು. ಕರ್ನಾಟಕದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ 1983ರ ಶಾಸನವಾಗಿ, 1987ರ ಚುನಾವಣೆಗಳ ಮೂಲಕ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಅಧಿಕಾರ ವಹಿಸಿದುವು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ಸಂವಿಧಾನದ ಆಧಾರವನ್ನೇ ಒದಗಿಸಿತು. ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಮೊದಲನೆಯದು ವ್ಯವಸಾಯ. ಸಣ್ಣ ನೀರಾವರಿಯೂ ಅವುಗಳಲ್ಲಿ ಸೇರಿರುವುದು.

ಹಾಗಾದರೆ ಕೊರತೆಯೆಲ್ಲಿ? ಮೇಲಿನಿಂದ ಬರುವ ಹಣವೂ ಅಧಿಕಾರವೂ ಸಾಲದೆಂಬ ಆಕ್ಷೇಪಣೆಯು ನಿರಾಧಾರವಲ್ಲ. ಆದರೆ ಅಧಿಕಾರ ಬೇಕೆಂದು ಮೇಲಕ್ಕೆ ಕೈಯೊಡ್ಡುವ ಊರಿನ ಪ್ರಮುಖರು ಅದನ್ನು ತಮ್ಮಿಂದ ಕೆಳಕ್ಕೆ ಇಳಿಯಗೊಡುವರೇ? ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದೆಂದು ಶಾಸನವಿರುವುದು. ಎಷ್ಟೋ ಕಡೆ ಅದು ಸಹಿಯ ಪುಸ್ತಕದಲ್ಲಿ ಮಾತ್ರ ಸೇರುವುದು. ನಿರ್ಣಯವು ಮುಂಚೆಯೇ ಯಾರದೋ ಜಗುಲಿಯ ಮೇಲೆ ಮುಗಿದಿರುವುದು. ಕೆರೆಗೆ ನೀರು ತರುವ ಕಾಲುವೆಯನ್ನು ಉತ್ತು ಸೇರಿಸಿಕೊಂಡವನು ಯಾವಾಗಲೂ ಬಡವನೇ ಆಗಿರುವುದಿಲ್ಲ. ತೂಬಿನ ಬಳಿಯ ಗದ್ದೆಯು ಸರದಿ ಮೀರಿ ನೀರುಂಡರೆ ಕೊನೆಯ ಬಯಲಿನ ಪೈರು ತೆನೆಗಟ್ಟುವ ಮುನ್ನವೇ ಒಣಗುವುದು. ಆ ಬಯಲಿನ ಸಣ್ಣ ಹಿಡುವಳಿದಾರನ ಮಾತು ಕೇಳಿಬರದ ಪಂಚಾಯತಿಯು ಹೆಸರಿಗೆ ಮಾತ್ರ ಸ್ವಯಮಾಡಳಿತವು.

ಆದುದರಿಂದ ಗ್ರಾಮದ ಮುಖ್ಯಸ್ಥರೂ ಭೂಮಾಲಿಕರೂ ಮುಂಗಾರಿಗೆ ಮೊದಲು ಕೆರೆಯ ಏರಿಯ ಮೇಲೆಯೇ ಗ್ರಾಮಸಭೆಯನ್ನು ಸೇರಿಸುವುದು ಯುಕ್ತವು. ಕೆರೆಯ ಬಾಬ್ತು ಜಮಾಖರ್ಚನ್ನು ಎಲ್ಲರಿಗೂ ಕೇಳುವಂತೆ ಓದಿಸಲಿ. ಎಲ್ಲೆಯನ್ನು ಅಳೆಯಿಸಿ ಕಲ್ಲು ನೆಡಿಸಲಿ. ಹೂಳಿನ ಗೋಡು ಗಾಡಿಯುಳ್ಳವರಿಗೆ ಮಾತ್ರವಲ್ಲದೆ ಎರಡು ಗುಂಟೆಯವನಿಗೂ ದೊರೆಯಲಿ. ನೀರಿನ ಸರದಿಯನ್ನು ಬರೆಯುವಾಗ ಹೆಂಗಸರನ್ನೂ ಕೊನೆಯ ಬಯಲಿನವರನ್ನೂ ಮೊದಲು ಕೇಳಲಿ. ಒತ್ತುವರಿಯ ತೆರವು ದೊಡ್ಡ ಹಿಡುವಳಿಯಿಂದಲೇ ಆರಂಭವಾದರೆ ಉಳಿದವರು ತಾವಾಗಿಯೇ ಅನುಸರಿಸುವರು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆಯು ಒಳ್ಳೆಯ ನಡತೆಗೂ ಅನ್ವಯಿಸುವುದಷ್ಟೆ.