ಬಳಲಿದ ಕಾಯಕ್ಕೆ ಮೃದುಹಸ್ತದ ಉಪಚಾರ

ಕಲ್ಯಾಣವು ರಾಜಧಾನಿಯಾಗಿದ್ದ ಕಾಲದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಸ್ನಾನಭೋಗ, ಅನ್ನಭೋಗಗಳಂತೆ ಪಾದಾಭ್ಯಂಗ ಭೋಗಕ್ಕೂ ಒಂದು ಅಧ್ಯಾಯವಿದೆ. ಪಾದಗಳನ್ನು ನೀವಿಸಿಕೊಳ್ಳುವುದನ್ನು ಅರಸನ ಸುಖಭೋಗಗಳಲ್ಲಿ ಒಂದೆಂದು ಆ ಗ್ರಂಥವು ಎಣಿಸಿದೆ.

ಆದರೆ ಈ ಉಪಚಾರದ ಅಗತ್ಯ ಅರಸನಿಗಿಂತ ದುಡಿಯುವವರಿಗೆ ಹೆಚ್ಚು. ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ತೊಗರಿಯ ಹೊಲದಲ್ಲಿ ದಿನವಿಡೀ ಬಾಗಿ ಕಳೆ ತೆಗೆದ ತಾಯಂದಿರ ನಡು, ಚೀಲ ಹೊತ್ತ ಹಮಾಲರ ಹೆಗಲು, ವೃದ್ಧರ ಮೊಣಕಾಲು ನೋಯುವುದು ಮನೆಮನೆಯ ಮಾತು. ಅನೇಕರು ಅದನ್ನು ಬಾಯಿಬಿಟ್ಟು ಹೇಳದೆ, ಅಂಗಡಿಯಿಂದ ತಂದ ನೋವಿನ ಗುಳಿಗೆ ನುಂಗಿ ಸುಮ್ಮನಾಗುತ್ತಾರೆ. ವೈದ್ಯರ ಸಲಹೆಯಿಲ್ಲದೆ ಬಹುಕಾಲ ಸೇವಿಸಿದ ಅಂತಹ ಗುಳಿಗೆಗಳು ಜಠರದಲ್ಲಿ ಹುಣ್ಣನ್ನುಂಟುಮಾಡಬಲ್ಲವು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಕಾಯಕವನ್ನು ಕೊಂಡಾಡುವ ನಾವು ಕಾಯಕದಿಂದ ಬಳಲಿದ ಕಾಯವನ್ನು ಮರೆಯಬಾರದು.

ವಾಗ್ಭಟಾಚಾರ್ಯರು ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವೂ ಆಚರಿಸಬೇಕೆಂದು ವಿಧಿಸಿ, ಅದು ಮುಪ್ಪು, ಆಯಾಸ, ವಾತಗಳನ್ನು ಕಳೆಯುವುದೆಂದಿದ್ದಾರೆ. ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಸಲ್ಲಬೇಕೆಂಬುದು ಅವರ ಮತ. ಅಜೀರ್ಣವಿದ್ದಾಗ ಅಭ್ಯಂಗ ಕೂಡದೆಂದೂ ಅವರೇ ಎಚ್ಚರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ದೀರ್ಘಕಾಲದ ನಡುನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ವ್ಯಾಯಾಮ ಮೊದಲಾದವುಗಳೊಡನೆ ಅಂಗಮರ್ದನಕ್ಕೂ ಸ್ಥಾನ ನೀಡಿದೆ.

ವಿಧಾನವು ಸರಳ. ಎಳ್ಳೆಣ್ಣೆಯನ್ನಾಗಲಿ ನಮ್ಮ ಸೀಮೆಯ ಕುಸುಬೆ ಎಣ್ಣೆಯನ್ನಾಗಲಿ ಉಗುರುಬೆಚ್ಚಗೆ ಮಾಡಿ, ಮೊದಲು ತಮ್ಮ ಕೈಗೆ ಹಚ್ಚಿ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ತಿಳಿಯದು. ಅವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಳಿಕ ಅಂಗೈಯನ್ನು ಪೂರ್ತಿ ಊರಿ, ಕೈಕಾಲುಗಳಲ್ಲಿ ಉದ್ದಕ್ಕೂ, ಸಂಧಿಗಳಲ್ಲಿ ವರ್ತುಲವಾಗಿಯೂ ಮೆಲ್ಲನೆ ನೀವಬೇಕು. ಬಲವಾಗಿ ಒತ್ತಿದಷ್ಟೂ ಗುಣ ಹೆಚ್ಚೆಂಬುದು ತಪ್ಪು ತಿಳಿವಳಿಕೆ. ನೋವಿಗೆ ಹೆದರಿದ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಹಿತವಾದ ಸ್ಪರ್ಶಕ್ಕೆ ಸಡಿಲುತ್ತದೆ. ಉಸಿರು ನಿಧಾನವಾಗಿ ಮನಸ್ಸೂ ಶಾಂತವಾಗುತ್ತದೆ.

ನೀವಬಾರದ ಸಂದರ್ಭಗಳೂ ಉಂಟು. ಒಂದೇ ಕಾಲಿನ ಮೀನಖಂಡವು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಲ್ಲಿ ಕೈಯಾಡಿಸಲೇಬಾರದು. ಜ್ವರ, ಗಾಯ, ಮೂಳೆ ಮುರಿತಗಳಲ್ಲಿಯೂ ಸಲ್ಲದು. ನಡುನೋವಿನೊಡನೆ ಕಾಲು ಸೋತರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕತ್ತನ್ನು ಝಾಡಿಸಿ ತಿರುಗಿಸುವವರ ಕೈಗೆ ದೇಹವನ್ನು ಒಪ್ಪಿಸಬಾರದು. ವೈದ್ಯ ಸಂಗಣ್ಣನಂತಹ ಶರಣರು ವೈದ್ಯವನ್ನೇ ಕಾಯಕವಾಗಿ ಕೈಗೊಂಡ ಪರಂಪರೆ ನಮ್ಮದು. ನೀವುವಿಕೆಯು ಚಿಕಿತ್ಸೆಗೆ ನೆರವಾಗಬೇಕೇ ಹೊರತು ಅದಕ್ಕೆ ಅಡ್ಡಿಯಾಗಬಾರದು.

ಸದ್ಭಕ್ತರೇ, ಮನೆಯ ಹಿರಿಯರು ತಾವಾಗಿ ಕೇಳಲಾರರು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸರದಿಯಂತೆ ಸಂಜೆಯ ಕಾಲು ಗಂಟೆಯನ್ನು ಅವರ ಪಾದಗಳಿಗೆ ಮೀಸಲಿಡಲಿ. ಮುಪ್ಪಿನ ಸವೆತವು ಅದರಿಂದ ಮರಳಿ ಬೆಳೆಯದು. ಆದರೆ ಆ ರಾತ್ರಿ ಅವರಿಗೆ ಕಣ್ತುಂಬ ನಿದ್ದೆ ಬಂದರೆ ಅದು ಸಣ್ಣ ಲಾಭವಲ್ಲ.