ಮೂವತ್ತೇಳರ ಆಚೆ

ಲ್ಯಾಬ್ ರಿಪೋರ್ಟಿನಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಅದನ್ನು ಜಾತಕದಂತೆ ಓದುವ ರೂಢಿ ನಮಗೆ ಅಂಟಿಕೊಂಡಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಮಟ್ಟಿಗಂತೂ, ರಕ್ತದಲ್ಲಿ ಸಿಎ 19-9 ಎಷ್ಟಿದೆ ಎಂದು ತಿಳಿದರೆ ರೋಗಿ ಎಷ್ಟು ದಿನ ಇರುತ್ತಾನೆಂದು ಹೇಳಿಬಿಡಬಹುದು ಎಂಬ ನಂಬಿಕೆ ಬಲವಾಗಿದೆ. ಇದು ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಆ ಅಂಕಿಗೂ ಬದುಕುಳಿಯುವ ಅವಧಿಗೂ ನಂಟಿರುವುದು ನಿಜ. ಆದರೆ ಆ ನಂಟು ಕಾಣುವುದು ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿದಾಗ. ಚಿಕಿತ್ಸೆಯ ದಾರಿ ಆರಿಸಲು ಅದು ಒಳ್ಳೆಯ ಸಹಾಯಕ, ಒಬ್ಬರ ಆಯಸ್ಸು ಅಳೆಯಲು ತೀರ ಒರಟು ಅಳತೆಗೋಲು.

ಅದು ಅಳೆಯುವುದಾದರೂ ಏನನ್ನು? 1979ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೋವ್ಸ್ಕಿಯವರ ತಂಡ ಮಾಡಿದ ಪ್ರತಿಕಾಯವೊಂದರ ಸಂಖ್ಯೆಯೇ ಈ 19-9. ಆಗ ಬಳಸಿದ್ದು ಮೇದೋಜೀರಕದ ಕೋಶಗಳನ್ನಲ್ಲ, ದೊಡ್ಡ ಕರುಳಿನ ಕ್ಯಾನ್ಸರಿನ ಕೋಶಗಳನ್ನು! ಆ ಪ್ರತಿಕಾಯ ಹಿಡಿಯುವುದು ಲೂಯಿಸ್ ಎಂಬ ರಕ್ತಗುಂಪಿಗೆ ಸೇರಿದ ಒಂದು ಸಕ್ಕರೆಯ ಸರಪಳಿಯನ್ನು. ಎಬಿಒ ಎಲ್ಲರಿಗೂ ಗೊತ್ತು; 1946ರಲ್ಲಿ ಮೊರಾಂಟ್ ಗುರುತಿಸಿದ ಈ ಲೂಯಿಸ್ ಗುಂಪನ್ನು ಕೇಳುವವರೇ ಇಲ್ಲ. ಈ ಸಕ್ಕರೆಯನ್ನು ಕಟ್ಟುವ ಕಿಣ್ವ ನೂರರಲ್ಲಿ ಐದರಿಂದ ಹತ್ತು ಜನರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಅವರಿಗೆ ಗಡ್ಡೆ ಎಷ್ಟೇ ಹಬ್ಬಿದರೂ ರಿಪೋರ್ಟು ಸಾಮಾನ್ಯವಾಗಿ ಸಹಜ ಮಿತಿಯಾದ 37ರ ಒಳಗೇ ಉಳಿದು, ಎಲ್ಲ ಸರಿಯಿದೆ ಎನ್ನುತ್ತದೆ. ಅಂಥವರಲ್ಲಿ ಕಡಿಮೆ ಅಂಕಿ ತಿಳಿಸುವುದು ಅಪ್ಪ-ಅಮ್ಮನಿಂದ ಬಂದ ವಂಶವಾಹಿಯ ಸಂಗತಿಯನ್ನು, ರೋಗದ್ದನ್ನಲ್ಲ. ಇನ್ನೊಂದು ಕಡೆ ಕಾಮಾಲೆ. ಪಿತ್ತನಾಳಕ್ಕೆ ಅಡ್ಡಿಯಾದರೆ, ಅದು ಬರೀ ಕಲ್ಲಿನಿಂದಾದರೂ, ಇದೇ ಅಂಕಿ ನೂರುಗಳಿಗೆ, ಕೆಲವೊಮ್ಮೆ ಸಾವಿರಗಳಿಗೆ ಏರುತ್ತದೆ. ಗ್ರಂಥಿಯ ತಲೆಭಾಗದ ಗಡ್ಡೆ ಪಿತ್ತನಾಳವನ್ನು ಒತ್ತುವುದು ಸಾಮಾನ್ಯ. ನಾಳದಲ್ಲಿ ಸ್ಟೆಂಟ್ ಇಟ್ಟು ಪಿತ್ತ ಹರಿಯುವಂತೆ ಮಾಡಿದರೆ, ಗಡ್ಡೆ ಎಳ್ಳಷ್ಟೂ ಕರಗದಿದ್ದರೂ ಅಂಕಿ ಇಳಿಯುತ್ತದೆ. ಕಾಮಾಲೆಯ ದಿನ ತೆಗೆದ ರಕ್ತದಿಂದ ಆಯಸ್ಸು ಎಣಿಸಹೊರಟವರು ಎಣಿಸಿದ್ದು ಗಡ್ಡೆಯನ್ನೋ ಪಿತ್ತವನ್ನೋ?

ಇಷ್ಟಾದರೂ ವೈದ್ಯರು ಇದನ್ನು ಬಿಟ್ಟುಕೊಡುವುದಿಲ್ಲ. ಅವರ ವಾದಕ್ಕೆ ತೂಕವಿದೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಅಂಕಿ 180ನ್ನು ಮೀರಿ ಉಳಿದವರು, ಅದಕ್ಕಿಂತ ಕೆಳಗಿದ್ದವರಷ್ಟು ಕಾಲ ಬದುಕಲಿಲ್ಲವೆಂದು ಅಮೆರಿಕದ ಆರ್‌ಟಿಒಜಿ 9704 ಅಧ್ಯಯನ 2008ರಲ್ಲಿ ತೋರಿಸಿತು. ವ್ಯತ್ಯಾಸ ಸಣ್ಣದಾಗಿರಲಿಲ್ಲ. 2016ರಲ್ಲಿ ಜಪಾನಿನ ಸೆಂದೈಯಲ್ಲಿ ಸೇರಿದ ತಜ್ಞರು, ಸ್ಕ್ಯಾನಿನಲ್ಲಿ ಗಡ್ಡೆ ತೆಗೆಯಬಹುದಾದಂತೆ ಕಂಡರೂ ಅಂಕಿ 500 ದಾಟಿದ್ದರೆ ಅದನ್ನು ಗಡಿಯಂಚಿನ ಪ್ರಕರಣವೆಂದೇ ಎಣಿಸಬೇಕೆಂದರು. ಯಕೃತ್ತಿನಲ್ಲೋ ಹೊಟ್ಟೆಯ ಒಳಪದರದಲ್ಲೋ ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ಅಡಗಿರಬಹುದು ಎಂಬ ಗುಮಾನಿಯನ್ನು ಆ ಅಂಕಿ ಎಬ್ಬಿಸುತ್ತದೆ. ಹಾಗಾದಾಗ ಕತ್ತಿ ಹಿಡಿಯುವ ಮುನ್ನ ಕಿಮೋ ಕೊಟ್ಟು ನೋಡುವುದು ವಿವೇಕ. ಇದನ್ನು ನಾನು ಒಪ್ಪುತ್ತೇನೆ. ಆದರೆ ಇಲ್ಲಿ ಅಂಕಿ ಬದಲಿಸಿದ್ದು ಮುಂದಿನ ಹೆಜ್ಜೆಯನ್ನು. ಯಾರ ದಿನಗಳನ್ನೂ ಅದು ಎಣಿಸಲಿಲ್ಲ. 180ರ ಮೇಲಿನ ಗುಂಪಿನಲ್ಲೂ ಬೇಗ ಹೋದವರಿದ್ದಾರೆ, ಹೆಚ್ಚು ಕಾಲ ಉಳಿದವರಿದ್ದಾರೆ. 179ಕ್ಕೂ 181ಕ್ಕೂ ನಡುವೆ ಯಮನೇನೂ ಗೆರೆ ಎಳೆದು ಕೂತಿಲ್ಲ.

ರೋಗಿಗೆ ತಿಳಿಯುವ ಹಕ್ಕಿಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿ. ಸಾಲ ತೀರಿಸಬೇಕು, ಆಸ್ತಿ ಬರೆದಿಡಬೇಕು, ಮಗಳ ಮದುವೆ ಮುಂದೂಡಬೇಕೋ ಬೇಗ ಮುಗಿಸಬೇಕೋ ಎಂದು ನಿರ್ಧರಿಸಬೇಕು. ಹಕ್ಕು ಖಂಡಿತ ಇದೆ, ಆದರೆ ತಿಳಿಸಬೇಕಾದ್ದು ಒಂದು ವ್ಯಾಪ್ತಿಯನ್ನು: ಇಂಥವರಲ್ಲಿ ಹೆಚ್ಚಿನವರಿಗೆ ಇಷ್ಟರಿಂದ ಇಷ್ಟು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಎಂದು. ಮೊದಲೇ ಗೊತ್ತಾಗುವುದರಿಂದ ಬದುಕು ಉದ್ದವಾಗುತ್ತದೆ ಎಂಬ ಊಹೆಯನ್ನೂ ಪರೀಕ್ಷಿಸಿ ನೋಡಬೇಕು. ಅಂಡಾಶಯದ ಕ್ಯಾನ್ಸರಿನಲ್ಲಿ ಅದನ್ನು ಪರೀಕ್ಷಿಸಿದ್ದಾರೆ. ಅಲ್ಲಿ ಇಂಥದೇ ಅಂಕಿಯಾದ ಸಿಎ 125 ಏರಿದ ಕೂಡಲೇ ಮತ್ತೆ ಕಿಮೋ ಆರಂಭಿಸಿದವರು, ಲಕ್ಷಣ ಕಾಣುವವರೆಗೆ ಕಾದವರಿಗಿಂತ ಹೆಚ್ಚು ಬದುಕಲಿಲ್ಲ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸುಮಾರು ಐದು ತಿಂಗಳು ಮುಂಚಿತವಾಗಿ ಅವರಿಗೆ ಸಿಕ್ಕಿದ್ದು ಔಷಧಿಯ ಸಂಕಟ. ಅದು ಬೇರೆ ಅಂಗ, ಬೇರೆ ಔಷಧಿ, ಸರಿ. ಆದರೂ ಮೇದೋಜೀರಕದಲ್ಲಿ ಹಾಗಾಗದು ಎನ್ನುವವರು ಅದನ್ನು ತೋರಿಸಿಕೊಡಬೇಕು.

ಆರೋಗ್ಯವಂತರಿಗೂ ಈ ಪರೀಕ್ಷೆ ಸೇರಿಸಿ ಪ್ಯಾಕೇಜು ಮಾರುವವರದು ವಾದವಲ್ಲ, ವ್ಯಾಪಾರ: ಕೊರಿಯಾದಲ್ಲಿ ಯಾವ ಲಕ್ಷಣವೂ ಇಲ್ಲದ 70,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ, ಅಂಕಿ ಏರಿದ್ದವರಲ್ಲಿ ಮೇದೋಜೀರಕದ ಕ್ಯಾನ್ಸರ್ ಇದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಇನ್ನು ರೋಗ ಖಚಿತವಾದವರ ಕೈಗೆ 900 ಎಂಬ ರಿಪೋರ್ಟು ಬಂದರೆ, ಎಷ್ಟು ದಿನ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ್ದು ಎರಡಿವೆ: ರಕ್ತ ತೆಗೆದ ದಿನ ಕಾಮಾಲೆಯ ಮಟ್ಟ ತಿಳಿಸುವ ಬಿಲಿರುಬಿನ್ ಎಷ್ಟಿತ್ತು, ಮತ್ತು, ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಬದಲಾಗಬಹುದಾದ್ದರಿಂದ, ಹೋದ ಸಲದ ಪರೀಕ್ಷೆ ಇದೇ ಲ್ಯಾಬಿನಲ್ಲಿ ಆಗಿತ್ತೇ.